ಟೋಕನ್ ಕೈಯಲ್ಲಿದೆ, ಸೊತ್ತು ಎಲ್ಲಿದೆ?



ಜಗತ್ತಿನ ಹಣಕಾಸು ವಲಯದಲ್ಲಿಂದು ಟೋಕನೈಸೇಶನ್ ಎಂಬ ಪದ ಚಲಾವಣೆಗೆ ಬಂದಿದೆ. ಜಮೀನು, ಕಟ್ಟಡ, ಚಿನ್ನ, ಸಾಲಪತ್ರ ಮುಂತಾದ ಸೊತ್ತನ್ನು ಸಣ್ಣ ಪಾಲುಗಳನ್ನಾಗಿ ವಿಂಗಡಿಸಿ, ಪ್ರತಿ ಪಾಲಿಗೂ ಕಂಪ್ಯೂಟರ್ ಜಾಲದಲ್ಲಿ ಒಂದು ಟೋಕನ್ ಸೃಷ್ಟಿಸಿ ಮಾರುವ ವಿಧಾನವಿದು. ಹೆಸರು ಹೊಸದಾದರೂ ತಿರುಳು ಹಳೆಯದೇ. ಕಬಿನಿ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ರೈತನಿಗೆ ಇದು ಸುಲಭವಾಗಿ ಅರ್ಥವಾದೀತು. ಗೋದಾಮಿನ ರಸೀದಿಯೆಂಬುದು ಭತ್ತವಲ್ಲ, ಭತ್ತದ ಮೇಲಿನ ಹಕ್ಕು. ಗೋದಾಮಿನಲ್ಲಿ ಭತ್ತವೇ ಇಲ್ಲದಿದ್ದರೆ ಆ ರಸೀದಿಗೆ ಬೆಲೆಯೇನು?

ಈ ಪ್ರಶ್ನೆಗೆ ನಮ್ಮ ದೇಶವು ಒಂದೆಡೆ ಉತ್ತರ ನೀಡಿದೆ. 2007ರ ಕಾಯ್ದೆಯನ್ವಯ ಉಗ್ರಾಣಗಳ ನಿಯಂತ್ರಣಕ್ಕೊಂದು ಪ್ರಾಧಿಕಾರ ರಚನೆಯಾಯಿತು. 2017ರಿಂದ ನೋಂದಾಯಿತ ಉಗ್ರಾಣದ ರಸೀದಿ ವಿದ್ಯುನ್ಮಾನ ರೂಪದಲ್ಲೂ ದೊರೆಯುತ್ತಿದೆ. ರೈತ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು. ಕೊಯ್ಲಿನ ವೇಳೆ ಬೆಲೆ ಕುಸಿದರೆ ಆತುರದಲ್ಲಿ ಮಾರಬೇಕಿಲ್ಲ. ಸರಕಿನ ತೂಕಕ್ಕೂ ಗುಣಮಟ್ಟಕ್ಕೂ ಉಗ್ರಾಣದ ಮಾಲಕನೇ ಹೊಣೆ.

ಇನ್ನೊಂದೆಡೆ ಐಎಂಎ ಪ್ರಕರಣವಿದೆ. ಬೆಂಗಳೂರಿನ ಈ ಸಂಸ್ಥೆಯು ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿ 2019ರ ಜೂನ್‌ನಲ್ಲಿ ಕುಸಿದುಬಿದ್ದಾಗ ಹತ್ತಾರು ಸಾವಿರ ಕುಟುಂಬಗಳ ಉಳಿತಾಯ ಮಣ್ಣುಪಾಲಾಯಿತು. ಠೇವಣಿದಾರರ ಹಿತರಕ್ಷಣೆಗೆ ರಾಜ್ಯದಲ್ಲಿ 2004ರ ಕಾಯ್ದೆ ಇರಲಿಲ್ಲವೇ? ಇತ್ತು. ಆದರೆ ಹಣ ಕೊಟ್ಟವರನ್ನು ಅಲ್ಲಿ ಠೇವಣಿದಾರರೆನ್ನದೆ ಪಾಲುದಾರರೆಂದು ಕರೆಯಲಾಗಿತ್ತು. ಹೆಸರು ಬದಲಾದೊಡನೆ ಕಾನೂನಿನ ಕಣ್ಣು ಮಂಜಾಯಿತು. ನಾಳೆ ಅದೇ ಹಣವನ್ನು ಟೋಕನ್ ಎಂದು ಕರೆದರೆ ಏನಾದೀತೆಂಬುದನ್ನು ನಾವು ಗಂಭೀರವಾಗಿ ಆಲೋಚಿಸಬೇಕಾಗಿದೆ.

2022ರಲ್ಲಿ ಕೇಂದ್ರ ಸರಕಾರವು ವರ್ಚುವಲ್ ಡಿಜಿಟಲ್ ಆಸ್ತಿಗಳ ಲಾಭಕ್ಕೆ ಶೇ. 30 ತೆರಿಗೆ ವಿಧಿಸಿತು. ತೆರಿಗೆ ವಸೂಲಿಯೆಂದರೆ ರಕ್ಷಣೆಯಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕನ್ನು ವರ್ಗಾಯಿಸುವ ಪತ್ರ ನೋಂದಣಿಯಾಗಲೇಬೇಕು. ಹೀಗಿರುವಾಗ ಮೊಬೈಲಿನಲ್ಲಿ ಟೋಕನ್ ಕೊಂಡಮಾತ್ರಕ್ಕೆ ಯಾರೂ ಜಮೀನಿನ ಒಡೆಯರಾಗಲಾರರು. ಕಟ್ಟಡಗಳ ಪಾಲು ಹಂಚಿಕೆಗೆ ಸೆಬಿ 2024ರಲ್ಲಿ ನಿಯಮ ರೂಪಿಸಿತು, ಸರಿ. ಆದರೆ ಕನಿಷ್ಠ ಹೂಡಿಕೆಯನ್ನು ಹತ್ತು ಲಕ್ಷ ರೂಪಾಯಿಗೆ ನಿಗದಿಪಡಿಸಿತು. ಗುಜರಾತಿನ ಗಿಫ್ಟ್ ಸಿಟಿಯ ಪ್ರಾಧಿಕಾರವು ಟೋಕನೀಕರಣದ ಕುರಿತು 2025ರಲ್ಲಿ ಸಮಾಲೋಚನಾ ಪತ್ರ ಹೊರಡಿಸಿತು. ಹತ್ತು ಲಕ್ಷ ಇದ್ದವನಿಗೆ ನಿಯಮದ ಆಸರೆ ದೊರೆಯಿತು. ಹತ್ತು ಸಾವಿರ ಇರುವವನ ಗತಿಯೇನು? ಏಜೆಂಟರು ಹುಡುಕಿಕೊಂಡು ಬರುವುದು ಆತನ ಬಾಗಿಲಿಗೇ ಅಲ್ಲವೇ?

ಹೊಸ ತಂತ್ರಜ್ಞಾನವನ್ನು ವಿರೋಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ಬೆಳೆಯುತ್ತಿರುವ ದೇಶಗಳಲ್ಲಿ ಕಾನೂನು ಮಾರಾಟಗಾರನಿಗಿಂತ ಮೊದಲು ಬರಬೇಕು. ಟೋಕನ್ ಹೊರಡಿಸುವವನು ನೋಂದಾಯಿತನಾಗಿರಬೇಕು. ಸೊತ್ತು ಅವನ ವಶದಲ್ಲಿರದೆ ಸ್ವತಂತ್ರ ಪಾಲಕನ ಬಳಿಯಿದ್ದು, ಕಾಲಕಾಲಕ್ಕೆ ತಪಾಸಣೆಗೊಳಪಡಬೇಕು. ಸಂಸ್ಥೆ ಮುಳುಗಿದರೂ ಆ ಸೊತ್ತು ಟೋಕನ್ ಹೊಂದಿದವರಿಗೇ ಸಲ್ಲಬೇಕು. ಕರಾರುಪತ್ರ ಕನ್ನಡದಲ್ಲಿರಬೇಕು, ದೂರು ತಾಲೂಕು ಕೇಂದ್ರದಲ್ಲೇ ಸ್ವೀಕಾರವಾಗಬೇಕು.

ಇತರರ ಹಣವು ಕೈಗೆ ಬಂದರೆ ಅದು ಅಮಾನತ್. ಅದರ ಲೆಕ್ಕ ಕೇಳುವುದು ಸಂಶಯವಲ್ಲ, ಕರ್ತವ್ಯ. ಐಎಂಎ ಪ್ರಕರಣದಲ್ಲಿ ಧರ್ಮದ ಪದ ಕೇಳಿದೊಡನೆ ಅನೇಕರು ಲೆಕ್ಕ ಕೇಳುವುದನ್ನು ಬಿಟ್ಟರು. ಮುಂದೆ ತಂತ್ರಜ್ಞಾನದ ಪದ ಕೇಳಿ ಹಾಗಾಗದಿರಲಿ. ಆದ್ದರಿಂದ ಸಹಿ ಹಾಕುವ ಮುನ್ನ, ಸೊತ್ತು ಎಲ್ಲಿದೆ, ಯಾರ ಹೆಸರಿನಲ್ಲಿದೆ, ನಷ್ಟವಾದರೆ ಹೊಣೆ ಯಾರು ಎಂದು ಪ್ರಶ್ನಿಸಿರಿ. ಉತ್ತರವನ್ನು ಲಿಖಿತವಾಗಿ ಪಡೆಯಿರಿ.