ವಾರ್ಡಿನಿಂದ ಪೇಟೆಗೆ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಿಂದ ನೆರೆದಿರುವ ಶುಶ್ರೂಷಕಿಯರೇ, ಶುಶ್ರೂಷಕರೇ, ಔಷಧ ಕಂಪನಿಗಳ ಪ್ರತಿನಿಧಿ ಮಿತ್ರರೇ,

ವಿದ್ವತ್ತಿನಿಂದಾಗಲಿ ಪದವಿಯಿಂದಾಗಲಿ ಈ ಪೀಠಕ್ಕೆ ಸಲ್ಲತಕ್ಕವಳಲ್ಲದ ನನ್ನನ್ನು ತಾವು ಇಲ್ಲಿ ಕೂಡಿಸಿದುದರ ಕಾರಣವನ್ನು ನಾನು ಊಹಿಸಬಲ್ಲೆ. ಯೌವನವನ್ನು ವಾರ್ಡಿನಲ್ಲಿ ಕಳೆದು, ನಡುವಯಸ್ಸಿನಲ್ಲಿ ಔಷಧ ಕಂಪನಿಯ ಬ್ಯಾಗು ಹಿಡಿದು, ಡಾಕ್ಟರರ ಬಾಗಿಲಿನ ಹೊರಗೆ ಉಳಿದ ಎಂ.ಆರ್.ಗಳೊಡನೆ ಸರದಿಗಾಗಿ ಕಾದವಳು ನಾನು. ಎರಡು ಕೆಲಸಗಳ ಬೇಸರವನ್ನೂ ಬಲ್ಲವಳೆಂಬುದಷ್ಟೇ ನನ್ನ ಅರ್ಹತೆ. ಆ ಹೊಸ ಕೆಲಸದ ಆರಂಭದಲ್ಲಿ ಸಂಕೇಶ್ವರದ ಪೇಟೆಯಲ್ಲಿ ಎದುರಾದ, ಹಿಂದೊಮ್ಮೆ ನನ್ನ ರೋಗಿಯಾಗಿದ್ದ ಮುದುಕಿಯೊಬ್ಬಳು, "ಸೂಜಿ ಮಾಡೂದ ಬಿಟ್ಟು ಸೂಜಿ ಮಾರಾಕ ಹೊಂಟಿಯೇನ ಯವ್ವಾ?" ಎಂದು ಕೇಳಿದಳು. ಆಕೆಗೆ ಕೊಡಬೇಕಾಗಿದ್ದ ಉತ್ತರವೇ ಈ ಭಾಷಣದ ವಿಷಯವೆಂದು ತಿಳಿಯಬಹುದು.

ಶುಶ್ರೂಷೆಯನ್ನು ತೊರೆದು ವಿಕ್ರಯಕ್ಕೆ ಇಳಿಯುವುದನ್ನು ಪತನವೆಂದು ಭಾವಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅದನ್ನೇ ಏಳಿಗೆಯೆಂದು ಬಣ್ಣಿಸುವ ಕಂಪನಿಯ ಮ್ಯಾನೇಜರರೂ ಇದ್ದಾರೆ. ಈರ್ವರ ಮಾತೂ ನನಗೆ ಒಪ್ಪಿಗೆಯಿಲ್ಲ. 1929ರಲ್ಲಿ ಕರ್ನಾಟಕ ಆರೋಗ್ಯ ಧಾಮವು ಹುಟ್ಟಿದ ಘಟಪ್ರಭೆಯು ಇಲ್ಲಿಗೆ ಸಮೀಪದಲ್ಲೇ ಇದೆ. ಆ ಊರಿನೊಡನೆ ತಮ್ಮ ಬಾಳನ್ನು ಬೆಸೆದುಕೊಂಡ ಡಾ. ನಾ. ಸು. ಹರ್ಡೀಕರರು ವೈದ್ಯವಿದ್ಯೆಯನ್ನು ಕಲಿತೂ ದವಾಖಾನೆಗೆ ಅಂಟಿಕೊಳ್ಳದೆ, 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿ, ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಯಂಸೇವಕರನ್ನು ಸಜ್ಜುಗೊಳಿಸಿದರು. ಅವರ ತ್ಯಾಗವೆಲ್ಲಿ, ತಿಂಗಳ ಕೊನೆಯ ಟಾರ್ಗೆಟ್ಟಿಗಾಗಿ ಓಡಾಡುವ ನಾವೆಲ್ಲಿ! ಸಮಾನತೆಯನ್ನು ಸಾಧಿಸಲು ಅವರ ಹೆಸರೆತ್ತಲಿಲ್ಲ. ರೋಗಿಯ ಮಂಚದ ಬಳಿ ಕಲಿತ ವಿದ್ಯೆಯು ಮಂಚವನ್ನು ಬಿಟ್ಟಕೂಡಲೆ ಬಂಜೆಯಾಗಬೇಕಿಲ್ಲವೆಂಬುದನ್ನು ಈ ಸೀಮೆ ಮೊದಲೇ ಕಂಡಿದೆಯೆಂದು ಹೇಳಲಿಕ್ಕಷ್ಟೇ ಎತ್ತಿದೆ.

ನಮ್ಮವರು ಏಕೆ ಬಿಡುತ್ತಾರೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ನೈಟ್ ಡ್ಯೂಟಿ, ಗುತ್ತಿಗೆಯ ನೇಮಕ, ಖಾಸಗಿ ನರ್ಸಿಂಗ್ ಹೋಮುಗಳ ಪಗಾರ, ಇವು ತಮಗೆ ನನಗಿಂತ ಚೆನ್ನಾಗಿ ಗೊತ್ತು.

ವಿಚಾರಿಸಬೇಕಾದುದು, ಕಂಪನಿಯವರು ನಮ್ಮಲ್ಲಿ ಏನನ್ನು ಕೊಳ್ಳುತ್ತಾರೆಂಬುದನ್ನು. ಯಾವ ಡಾಕ್ಟರರಿಗೆ ಯಾವ ವಾರ ಆಪರೇಷನ್ನು, ಯಾವ ಹೊತ್ತಿಗೆ ಚಹಾ, ಸ್ಟೋರಿನ ಇಂಡೆಂಟನ್ನು ಬರೆಯುವವರು ಯಾರು, ಇವೆಲ್ಲವೂ ಸಿಸ್ಟರಿಗೆ ಗೊತ್ತು. ಪರಕೀಯನಿಗೆ ತೆರೆಯದ ಬಾಗಿಲು ಆಕೆಗೆ ತೆರೆಯುತ್ತದೆ. ಕೆಲವು ಕಂಪನಿಗಳಿಗೆ ಬೇಕಾದುದು ಈ ಬಾಗಿಲು ಮಾತ್ರ. ಆದರೆ ಆಕೆಯ ಕೈಯಲ್ಲಿ ಬೇರೊಂದು ವಸ್ತುವಿದೆ, ರೋಗಿಯ ಮಗ್ಗುಲಲ್ಲಿ ಪಡೆದ ಅನುಭವ. ಬೆಲೆ ಕಟ್ಟಬೇಕಾದುದು ಅದಕ್ಕೆ.

ಇನ್ಸುಲಿನ್ನಿನ ಮಾತನ್ನೇ ತೆಗೆದುಕೊಳ್ಳೋಣ. ನಮ್ಮ ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಬಾಟಲಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್; ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ಜಿನಲ್ಲಿ ಮಿಲಿಲೀಟರಿಗೆ 100 ಯೂನಿಟ್. ಆ ಶಕ್ತಿಯ ಔಷಧಕ್ಕೆ ಮಾಡಿದ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಪೆನ್ನು ಕೆಟ್ಟಿತೆಂದು ಮನೆಯವರು ಕಾರ್ಟ್ರಿಜ್ಜಿನಿಂದಲೇ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಔಷಧವನ್ನು ಎಳೆದರೆಂದರೆ, ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ರಾತ್ರಿ ಮೈಯೆಲ್ಲ ಬೆವೆತು, ಕೈಕಾಲು ನಡುಗಿ, ರೋಗಿಯು ಅಸಂಬದ್ಧ ಮಾತನಾಡತೊಡಗಿದರೆ, ಗಾಳಿ ಸೋಂಕಿತೆಂದು ನಿಂಬೆಹಣ್ಣನ್ನು ಇಳಿಸುವ ಮನೆಗಳು ಇಂದಿಗೂ ಇವೆ. ಬೇಕಾಗಿದ್ದುದು ಒಂದು ಹಿಡಿ ಸಕ್ಕರೆ, ಅದೂ ಎಚ್ಚರವಿದ್ದು ನುಂಗಬಲ್ಲವನಿಗೆ. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ದವಾಖಾನೆಗೆ ಒಯ್ಯಬೇಕು. ಬಣ್ಣದ ಚಿತ್ರಗಳನ್ನು ಮಗುಚಿ ತೋರಿಸಿ ಬಾಯಿಪಾಠವನ್ನು ಒಪ್ಪಿಸುವ ಹುಡುಗನಿಗೆ ಇದು ತಿಳಿಯದೆಂದಲ್ಲ. ಆದರೆ ಹಾಗೆ ಬೆವೆತ ಮೈಯನ್ನು ರಾತ್ರಿಯಲ್ಲಿ ಒರೆಸಿದವಳು ಹೇಳುವಾಗ ಕೇಳುವವನು ಸಿರಿಂಜಿನ ಮುಚ್ಚಳವನ್ನು ತಿರುಗಿಸಿ ನೋಡುತ್ತಾನೆ. ಇನ್ನು ಔಷಧವನ್ನು ಇಡುವ ಬಗೆ. 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡ ತಾಲೂಕು ಹುಕ್ಕೇರಿ. ಆದರೂ ದೀಪವುಳ್ಳ ಮನೆಯಲ್ಲೆಲ್ಲ ಫ್ರಿಜ್ಜು ಇಲ್ಲ, ಮೂಡಲಗಿಯ ಕಡೆ ಕಬ್ಬಿನ ಹೊಲದಂಚಿನ ಗುಡಿಸಲುಗಳಲ್ಲಂತೂ ಕೇಳುವುದೇ ಬೇಡ. ಅಂಥಲ್ಲಿ ಬಾಟಲಿಯನ್ನು ಡಬ್ಬಿಯಲ್ಲಿ ಹಾಕಿ ನೀರು ಜಿನುಗುವ ಮಣ್ಣಿನ ಗಡಿಗೆಯ ತಂಪಿನಲ್ಲಿ ಇಡಬಹುದೆಂದೂ, ಫ್ರಿಜ್ಜು ಇದ್ದವರು ಬರ್ಫದ ಖಾನೆಯಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಅದು ಕೆಟ್ಟಿತೆಂದೂ ಹೇಳಿಕೊಡುವುದು ವಿಕ್ರಯವೋ ಶುಶ್ರೂಷೆಯೋ ಎಂಬ ತರ್ಕವನ್ನು ಪಂಡಿತರಿಗೆ ಬಿಡುತ್ತೇನೆ.

ಸಿಸ್ಟರಿನ ಮಾತಿಗಿರುವ ಈ ಬೆಲೆಯಲ್ಲಿಯೇ ಅಪಾಯವೂ ಇದೆ. ಬಿಳಿಯ ಉಡುಪನ್ನು ಕಳಚಿದ ಮೇಲೂ ಜನರು ನಮ್ಮನ್ನು ಸಿಸ್ಟರೆಂದೇ ಕರೆಯುತ್ತಾರೆ; ನಾವು ಹೊಗಳಿದ ಯಂತ್ರವನ್ನು, ಕಮಿಷನ್ನಿನ ಲೆಕ್ಕವನ್ನರಿಯದೆ, ನಂಬುತ್ತಾರೆ. ಕೇಂದ್ರ ಸರ್ಕಾರದ ಔಷಧ ಇಲಾಖೆಯು 2024ರ ಮಾರ್ಚಿನಲ್ಲಿ ಹೊರಡಿಸಿದ ಮಾರಾಟ ಸಂಹಿತೆಯು ವೈದ್ಯರಿಗೆ ಉಡುಗೊರೆಯನ್ನೂ, ಭೇಟಿಗಾಗಿ ಆಮಿಷವನ್ನೂ ನಿಷೇಧಿಸಿದೆ. ಹಳೆಯ ಸಹೋದ್ಯೋಗಿಯ ಸಲಿಗೆಯೂ ಒಂದು ಆಮಿಷವೇ ಎಂಬುದು ನನ್ನ ಅಭಿಪ್ರಾಯ. ಸಂಹಿತೆಯನ್ನು ಬರೆದವರಿಗೆ ಅದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ, ಅವರು ನರ್ಸುಗಳ ಕೋಣೆಯಲ್ಲಿ ಚಹಾ ಕುಡಿದವರಲ್ಲ. ಸ್ಟಾಫ್ ನರ್ಸು ತನ್ನ ಗೆಳತಿಯ ಮೋರೆ ನೋಡಿ ಕ್ಯಾನುಲಾದ ಇಂಡೆಂಟನ್ನು ಬರೆಯಬಾರದು; ಅದು ಶಿಶುವಿನ ನರಕ್ಕೆ ನಾಟುತ್ತದೆಯೇ, ಮರುದಿನ ಬಾವು ಬರುತ್ತದೆಯೇ ಎಂಬುದನ್ನು ನೋಡಿ ಬರೆಯಬೇಕು. ಬಾವು ಬಂದರೆ ಆ ಮಾತನ್ನು ಕಂಪನಿಗೆ ಬರೆದು ತಿಳಿಸತಕ್ಕವಳೂ ಮಾರಲು ಬಂದ ಆ ಗೆಳತಿಯೇ.

ಹೊರಡಲು ನಿಶ್ಚಯಿಸಿದ ತರುಣಿಯರಿಗೆ ಎರಡು ವ್ಯಾವಹಾರಿಕ ಮಾತುಗಳು. ನೇಮಕಾತಿ ಪತ್ರವನ್ನು ಕೈಗೆ ಪಡೆಯದೆ ರಾಜೀನಾಮೆ ಕೊಡಬೇಡಿರಿ. ಆ ಪತ್ರವನ್ನು ಪಡೆಯುವ ಹಕ್ಕು ಮಾರಾಟ ಪ್ರತಿನಿಧಿಗಳಿಗೆ 1976ರ ಕಾಯಿದೆಯ ಕಾಲದಿಂದಲೂ ಇದೆ. ನರ್ಸಿಂಗ್ ಪರಿಷತ್ತಿನ ನೋಂದಣಿಯನ್ನು ನವೀಕರಿಸುತ್ತಲೇ ಇರಿ. ಹಿಂದಿರುಗುವ ದಾರಿಯಿದ್ದವಳು ಟಾರ್ಗೆಟ್ಟಿನ ಭಯಕ್ಕೆ ಸುಳ್ಳಾಡಬೇಕಾಗಿ ಬರುವುದಿಲ್ಲ.

ಮಾರಾಟಕ್ಕೆ ಹೋದ ಶುಶ್ರೂಷಕಿಯರು ವರ್ಷಕ್ಕೊಮ್ಮೆಯಾದರೂ, ಯಾವ ಕಂಪನಿಯ ಹೆಸರನ್ನೂ ಎತ್ತದೆ, ಈ ಮೂರು ತಾಲೂಕುಗಳ ಆಶಾ ಕಾರ್ಯಕರ್ತೆಯರಿಗೆ ಇನ್ಸುಲಿನ್ನಿನ ಪಾಠವನ್ನು ಹೇಳಿಕೊಡತಕ್ಕದ್ದೆಂಬ ಗೊತ್ತುವಳಿಯು ನನ್ನ ಮುಂದಿದೆ. ಅದರಲ್ಲಿ ಕೆಂಪು ಮತ್ತು ಕಿತ್ತಳೆ ಮುಚ್ಚಳದ ಸಿರಿಂಜುಗಳೆರಡನ್ನೂ ಕೈಯಲ್ಲಿ ಕೊಟ್ಟು ತೋರಿಸಬೇಕೆಂಬ ಮಾತನ್ನು ಸೇರಿಸಬೇಕೆಂದು ಸೂಚಿಸಿ, ಅದನ್ನು ಮಂಡಿಸಲು ಹುಕ್ಕೇರಿಯ ಪ್ರತಿನಿಧಿಗಳಿಗೆ ಅನುಮತಿ ಕೊಡುತ್ತೇನೆ.