ಅಟ್ಟದ ಮೇಲಿನ ರೆಕಾರ್ಡು

ಒಂದು ಹಾಡಿನ ರೆಕಾರ್ಡಿಗೆ 7,90,000 ಡಾಲರ್! ನಂಬ್ತೀರಾ? ಬೀಟಲ್ಸ್ ತಂಡದ ರಿಂಗೋ ಸ್ಟಾರ್ 2015ರಲ್ಲಿ ತಮ್ಮ 'ವೈಟ್ ಆಲ್ಬಮ್' ಹರಾಜು ಹಾಕಿದಾಗ ಬಂದ ಬೆಲೆ ಇದು. ಅದರ ಮೇಲೆ ಒಂದನೇ ನಂಬರ್ ಅಚ್ಚಾಗಿತ್ತು, ಅಷ್ಟೇ.

ಅದು ದೊಡ್ಡವರ ವಿಷಯ, ಬಿಡಿ. ನಾನು ಹೇಳಹೊರಟಿದ್ದು ಕಲ್ಕತ್ತದ ಡಂಡಂ ಕಾರ್ಖಾನೆಯದು. ಇಂಗ್ಲೆಂಡು 78 ಆರ್‌ಪಿಎಂನ ಅರಗಿನ ಪ್ಲೇಟು ಕೈಬಿಟ್ಟ ಮೇಲೂ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಬೀಟಲ್ಸ್ ಹಾಡುಗಳನ್ನು ಅದರಲ್ಲೇ ಒತ್ತಿತು. ಯಾಕೆ ಗೊತ್ತಾ? ನಮ್ಮ ಎಷ್ಟೋ ಮನೆಗಳಲ್ಲಿ ಇದ್ದದ್ದು ಕೀ ಕೊಡುವ ಗ್ರಾಮಫೋನು. ಅದಕ್ಕೆ ಕರೆಂಟೇ ಬೇಡ! ಲಿವರ್‌ಪೂಲ್ ಹುಡುಗರ ಹಾಡು ಅವರ ದೇಶದ ಅಂಗಡಿಯಲ್ಲೇ ಸಿಗದ ರೂಪದಲ್ಲಿ ಇಲ್ಲಿ ಸಿಗ್ತಿತ್ತು. ಇವತ್ತು ಹೊರದೇಶದ ಸಂಗ್ರಾಹಕರು ಅದಕ್ಕಾಗಿ ಹುಡುಕಾಡ್ತಾರೆ. ಆದರೆ ಅರಗು ಸ್ವಾಮಿ, ಕೈಜಾರಿದರೆ ಚೂರು.

ನಮ್ಮ ಅಜ್ಜನ ಅಟ್ಟದಲ್ಲೂ ಒಂದು ಪೆಟ್ಟಿಗೆ ತುಂಬ ಪ್ಲೇಟುಗಳಿದ್ದವು. ಪಾಲಾದಾಗ ಹೊಲಕ್ಕೆ, ತಾಮ್ರದ ಹಂಡೆಗೆ ಜಗಳವಾಡಿದೆವು. ಪೆಟ್ಟಿಗೆ ಮಾತ್ರ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯ್ತು. ಲೇಬಲ್ ಓದಿದವರೇ ಇಲ್ಲ, ನಾನೂ ಓದಲಿಲ್ಲ. ಬೀಟಲ್ಸ್ ಬೇಡ, ಅಜ್ಜ ಕೇಳ್ತಿದ್ದ ನಾಟಕದ ಹಾಡು ಯಾವುದು ಅಂತ ಮಗಳು ಕೇಳಿದರೂ ನನ್ನ ಹತ್ತಿರ ಉತ್ತರವಿಲ್ಲ.

ನಿಮ್ಮ ಅಟ್ಟ ಇನ್ನೂ ಖಾಲಿಯಾಗಿಲ್ಲ ತಾನೇ? ಈ ಭಾನುವಾರ ಒಮ್ಮೆ ಹತ್ತಿ ನೋಡಿ.