ನೆಲಕ್ಕಿಳಿಯುವ ಹೊತ್ತಿನ ಗಾಳಿ

ಆಷಾಢ ಬಂತೆಂದರೆ ಮೈಸೂರು ಸೀಮೆಯ ಮಕ್ಕಳಿಗೆ ಗಾಳಿಪಟದ ಕಾಲ. ಪಟ ಹಾರಿಸಬಲ್ಲ ಹುಡುಗನಿಗೆ ಇನ್ನೊಂದು ಸಂಗತಿಯೂ ತಿಳಿದಿರುತ್ತದೆ: ಏರಿಸುವುದಕ್ಕಿಂತ ಇಳಿಸುವುದು ಕಷ್ಟ. ಎತ್ತರದಲ್ಲಿ ಒಂದೇ ಸಮನೆ ಬೀಸುವ ಗಾಳಿ, ಮರದ ನೆತ್ತಿ, ಮನೆಯ ಮಾಡುಗಳಿಗೆ ತಾಗಿ ಒಡೆದು ಸುಳಿಯಾಗುತ್ತದೆ. ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದ ಪಟ ಅಂಗಳದ ಮೇಲೆ ಬಂದು ಲಾಗ ಹಾಕುತ್ತದೆ. ಸಣ್ಣ ವಿಮಾನಗಳ ಪಾಡೂ ಬಹುಮಟ್ಟಿಗೆ ಇದೇ.

ನಮ್ಮ ಊರಿನ ಮಂಡಕಳ್ಳಿ ವಿಮಾನ ನಿಲ್ದಾಣ ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ, ಮೊದಲಾದದ್ದು. 2010ರಲ್ಲಿ ಹೊಸ ಕಟ್ಟಡದೊಡನೆ ಮತ್ತೆ ಜೀವ ಪಡೆಯಿತು. ಅದರ ರನ್‌ವೇ ಪೂರ್ವ–ಪಶ್ಚಿಮವಾಗಿ ಮಲಗಿದೆ. ವಿಮಾನ ಆದಷ್ಟೂ ಗಾಳಿಗೆ ಎದುರಾಗಿ ಇಳಿಯಬೇಕು. ನಮ್ಮ ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯಗಳಿಂದ ಬರುವುದರಿಂದ ಈ ದಿಕ್ಕು ಯುಕ್ತವಾದದ್ದೇ. ಆದರೆ ನೈಋತ್ಯದ ಗಾಳಿ ರನ್‌ವೇಗೆ ಓರೆ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ 45 ಡಿಗ್ರಿ ಓರೆಯಾಗಿ ಬಂದರೆ, ಅದರಲ್ಲಿ 21 ಕಿಲೋಮೀಟರಿನಷ್ಟು ವಿಮಾನವನ್ನು ಪಕ್ಕಕ್ಕೆ ತಳ್ಳುವ ಅಡ್ಡಗಾಳಿಯಾಗುತ್ತದೆ. ಜಗತ್ತಿನ ಎಷ್ಟೋ ವೈಮಾನಿಕರು ಹಾರಾಟ ಕಲಿತ ಸೆಸ್ನಾ 152 ವಿಮಾನಕ್ಕೆ ಪರೀಕ್ಷೆಯಲ್ಲಿ ತೋರಿಸಿಕೊಟ್ಟ ಅಡ್ಡಗಾಳಿಯ ಮಿತಿ 12 ನಾಟ್, ಎಂದರೆ ಸುಮಾರು 22 ಕಿಲೋಮೀಟರ್. ನಮಗೆ ಹಿತವಾಗಿ ತೋರುವ ಸಂಜೆಯ ಗಾಳಿ ಅದಕ್ಕೆ ಕಟ್ಟಕಡೆಯ ಪರೀಕ್ಷೆಯಾಗಬಹುದು.

ಹಾಗೆಂದು ಗಾಳಿಯ ಬಲವೊಂದೇ ಶತ್ರುವಲ್ಲ. ಒಂದೇ ಹದದಲ್ಲಿ ಬೀಸುವ ಬಲವಾದ ಗಾಳಿಗೆ ವೈಮಾನಿಕ ಹೊಂದಿಕೊಳ್ಳಬಲ್ಲ. ಕೇಡಿರುವುದು ಅದರ ಚಂಚಲತೆಯಲ್ಲಿ. ರೆಕ್ಕೆಯ ಎತ್ತುಬಲ ಗಾಳಿಯೊಡನೆ ಅದಕ್ಕಿರುವ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿರುವ ವಿಮಾನಕ್ಕೆ ಎದುರುಗಾಳಿ ಒಮ್ಮೆಲೆ 20 ಕಿಲೋಮೀಟರಿನಷ್ಟು ಕುಸಿಯಿತೆನ್ನಿ. ರೆಕ್ಕೆಯ ಪಾಲಿಗೆ ಉಳಿದದ್ದು 90. ವೇಗ ಐದರಲ್ಲಿ ಒಂದು ಪಾಲೂ ತಗ್ಗಿಲ್ಲ, ಎತ್ತುಬಲವಾದರೋ ಮೂರರಲ್ಲಿ ಒಂದು ಪಾಲು ಹೋಯಿತು. ಮೂಗನ್ನು ಎತ್ತಿ ಸರಿಪಡಿಸಲು ಹೊರಟರೆ ಒಂದು ಹಂತದಲ್ಲಿ ರೆಕ್ಕೆಯ ಮೇಲಿನ ಗಾಳಿಯ ಹರಿವೇ ಕಡಿದುಹೋಗುತ್ತದೆ. ವೈಮಾನಿಕರು ಇದನ್ನು ಸ್ಟಾಲ್ ಎನ್ನುತ್ತಾರೆ. ಸಾವಿರ ಅಡಿ ಮೇಲಾದರೆ ಇದರಿಂದ ಚೇತರಿಸಿಕೊಳ್ಳಲು ಅವಕಾಶವುಂಟು. ಮೂವತ್ತು ಅಡಿಯಲ್ಲಿ ಇಲ್ಲ.

ನೆಲ ಮುಟ್ಟಿದ ಮಾತ್ರಕ್ಕೆ ಕಂಟಕ ಕಳೆಯಿತೆಂದೂ ಅಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ–2 ತರಬೇತಿ ವಿಮಾನಕ್ಕೆ ಮುಖ್ಯ ಗಾಲಿಗಳು ಮುಂದೆ, ಚಿಕ್ಕದೊಂದು ಗಾಲಿ ಬಾಲದಡಿಯಲ್ಲಿ. ಇಂಥ ವಿಮಾನದ ಭಾರವೆಲ್ಲ ಮುಖ್ಯ ಗಾಲಿಗಳ ಹಿಂದೆ ಬೀಳುತ್ತದೆ. ಎಳೆದ ಗಾಡಿ ನೇರವಾಗಿ ಬರುತ್ತದೆ; ಹಿಂದಿನಿಂದ ನೂಕಿದ ಗಾಡಿ ಅಡ್ಡ ತಿರುಗಲು ನೋಡುತ್ತದೆ. ಅಡ್ಡಗಾಳಿ ಬಾಲವನ್ನು ತಳ್ಳಿದಾಗ ಕಾಲು ಚುಕ್ಕಾಣಿಯ ಮೇಲೆ ಚುರುಕಾಗಿಲ್ಲದಿದ್ದರೆ ವಿಮಾನ ಗಿರ್ರನೆ ಸುತ್ತಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ. ಈಚಿನ ವಿಮಾನಗಳಲ್ಲಿ ಚಿಕ್ಕ ಗಾಲಿ ಮೂಗಿನಡಿಗೆ ಬಂದು ಈ ತೊಂದರೆ ಬಹಳ ತಗ್ಗಿದೆ. ಬದಲಿಗೆ, ನೆಲಕ್ಕೆ ಬಡಿದು ಪುಟಿದ ವಿಮಾನದ ಮೂಗನ್ನು ಗಾಬರಿಯಿಂದ ಕೆಳಗೊತ್ತಿ ಆ ಗಾಲಿಯನ್ನೇ ಮುರಿದುಕೊಳ್ಳುವುದುಂಟು.

ಇದಕ್ಕಿಂತ ಘೋರವಾದದ್ದು ಗುಡುಗು ಮೋಡದ ಗಾಳಿ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ ಮಳೆಗೆ ಮೊದಲು ಧೂಳೆಬ್ಬಿಸಿ ನುಗ್ಗುವ ತಣ್ಣನೆಯ ಗಾಳಿ, ಮೋಡದೊಳಗಿಂದ ಕೆಳಗೆ ಸುರಿದು ನೆಲದ ಮೇಲೆ ಹರಡಿದ್ದು. ಅದಕ್ಕೆ ಇಂಥದೇ ದಿಕ್ಕೆಂಬ ನಿಯಮವಿಲ್ಲ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಬೋಯಿಂಗ್ 727 ವಿಮಾನ ಇಂಥ ಸುರಿಗಾಳಿಗೆ ಸಿಕ್ಕಿ 113 ಜನ ತೀರಿಕೊಂಡರು. ಆ ದುರಂತವನ್ನು ಅಭ್ಯಸಿಸಿದ ವಿಜ್ಞಾನಿ ಟಿ. ಟಿ. ಫುಜಿಟಾ ಅವರಿಂದ ಈ ಗಾಳಿಯ ಸ್ವರೂಪ ಜಗತ್ತಿಗೆ ತಿಳಿಯಿತು. ಅಂಥ ಭಾರಿ ವಿಮಾನವನ್ನೇ ಕೆಡಹಿದ ಗಾಳಿಯ ಮುಂದೆ, ತುಂಬಿದರೂ 757 ಕಿಲೋ ಮೀರದ ಸೆಸ್ನಾ 152ರ ಮಾತೇನು?

ಮನುಷ್ಯ ಇದಕ್ಕೆ ಉಪಾಯಗಳನ್ನು ಕಂಡುಕೊಂಡಿಲ್ಲದೆ ಇಲ್ಲ. ರನ್‌ವೇಯ ಬದಿಯಲ್ಲಿ ಉಬ್ಬಿ ತೂಗುವ ಬಟ್ಟೆಯ ಗಾಳಿಚೀಲ ದಿಕ್ಕನ್ನೂ ಸ್ವಭಾವವನ್ನೂ ಹೇಳುತ್ತದೆ. ಬೀಸುಗಾಳಿಯ ಏರಿಳಿತ 10 ನಾಟ್ ಇದ್ದರೆ ಅದರ ಅರ್ಧವನ್ನು, ಎಂದರೆ 5 ನಾಟನ್ನು, ಇಳಿಯುವ ವೇಗಕ್ಕೆ ಕೂಡಿಸಿಕೊಳ್ಳುವ ರೂಢಿಯಿದೆ. ಎಲ್ಲಕ್ಕಿಂತ ದೊಡ್ಡ ಉಪಾಯ ಒಂದುಂಟು: ಹದ ತಪ್ಪಿತೆನಿಸಿದ ಕ್ಷಣವೇ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮರಳಿ ಮೇಲೇರುವುದು; ಒಂದು ಸುತ್ತು ಬಂದು ಮತ್ತೆ ಯತ್ನಿಸುವುದು; ಆಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗುವುದು.

ಹೇಳಲು ಸುಲಭವಾದ ಈ ಉಪಾಯ ಮಾಡಲು ಏಕೆ ಕಷ್ಟ? ಅಡ್ಡ ಬರುವುದು ಯಂತ್ರವಲ್ಲ, ಮನಸ್ಸು. ವಾಣಿಜ್ಯ ವೈಮಾನಿಕನ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು. ಪ್ರತಿ ಗಂಟೆಗೂ ಹಣ ತೆರಬೇಕು, ಎಷ್ಟೋ ಮನೆಗಳಲ್ಲಿ ಸಾಲದ ಹಣ. ಕೆಳಗೆ ಗುರು ನೋಡುತ್ತಿದ್ದಾರೆ, ಸಹಪಾಠಿಗಳು ನೋಡುತ್ತಿದ್ದಾರೆ. ರನ್‌ವೇ ಕಣ್ಣೆದುರೇ ಇದೆ. ಇನ್ನೇನು ಮುಟ್ಟಿಬಿಡುತ್ತೇನೆ ಎಂಬ ಆಸೆ, ಬಿಟ್ಟುಹೋದರೆ ನಗೆಪಾಟಲಾದೇನೆಂಬ ಅಳುಕು, ಇವೆರಡರ ನಡುವೆ ಆ ಎರಡು ಕ್ಷಣಗಳು ಜಾರಿಹೋಗುತ್ತವೆ.

ಹಿಡಿದ ಕೆಲಸ ಬಿಡಬಾರದೆಂದು ಮಕ್ಕಳಿಗೆ ಕಲಿಸುವವರು ನಾವು. ಒಳ್ಳೆಯ ಮಾತೇ. ಆದರೆ ಬಿಡಬೇಕಾದ ಕ್ಷಣವನ್ನು ಗುರುತಿಸುವುದೂ ಒಂದು ವಿದ್ಯೆ. ಬಿರುಗಾಳಿಯ ದಿನ ಮಂಡಕಳ್ಳಿಯ ಮೇಲೆ ಸಣ್ಣ ವಿಮಾನವೊಂದು ನೆಲದ ತನಕ ಬಂದು, ಮುಟ್ಟದೆ, ಗುಂಯ್‌ಗುಟ್ಟುತ್ತ ಮೇಲೇರಿತೆಂದರೆ ಯಾರೂ ನಗದಿರಲಿ. ಅದನ್ನು ನಡೆಸುತ್ತಿರುವ ಎಳೆಯ ಕೈಗಳು ಕಲಿಯಬೇಕಾದ್ದನ್ನು ಕಲಿತಿವೆ.